ಗಂಜೀಫದ ಎಲೆ: ಆಟವೂ ಚಿತ್ರವೂ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದರ ವಿಷಯ ಆಟಗಳು. ಗಂಜೀಫದ ಎಲೆಗೆ ‘ಛದ’ವೆಂಬ ಸಂಸ್ಕೃತ ನಾಮವನ್ನಿತ್ತು, ದೇವತೆಗಳು, ಗ್ರಹಗಳು, ಪಾಂಡವರು ಮುಂತಾದವರನ್ನು ಆಧರಿಸಿದ ಹಲವು ಕಟ್ಟುಗಳನ್ನು ಅಲ್ಲಿ ನಿರೂಪಿಸಲಾಗಿದೆ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ಈ ಚಿತ್ರಗಳ ಕುಸುರಿಯನ್ನು ಕೊಂಡಾಡುವುದು ಸುಲಭ. ಅವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದೇ ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ದಶಾವತಾರ ಗಂಜೀಫವನ್ನೇ ನೋಡೋಣ. ಅವತಾರಕ್ಕೆ 12ರಂತೆ ಒಟ್ಟು 120 ಎಲೆಗಳು. ಅವುಗಳಲ್ಲಿ ರಾಜ, ಮಂತ್ರಿಗಳ ಚಿತ್ರವಿರುವವು 20 ಮಾತ್ರ. ಉಳಿದ 100 ಸಂಖ್ಯೆಯ ಎಲೆಗಳು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ—ಈ ಲಾಂಛನಗಳನ್ನು ಒಂದರಿಂದ ಹತ್ತರವರೆಗೆ ಬರೆಯಬೇಕು. ಬಿದ್ದ ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟು ಆಡಬೇಕಾದ ಆಟಗಾರನಿಗೆ ಎಂಟು ಮೀನು, ಒಂಬತ್ತು ಮೀನುಗಳ ಭೇದ ಕಣ್ಣು ಹಾಯಿಸಿದೊಡನೆ ತಿಳಿಯಬೇಕು, ಎಲೆಯೂ ಚೆಲುವಾಗಿರಬೇಕು. ಚಿತ್ರಕಾರನ ನಿಜವಾದ ಪರೀಕ್ಷೆ ರಾಜನ ಕಿರೀಟದಲ್ಲಲ್ಲ, ಈ ನೂರು ಎಲೆಗಳಲ್ಲಿದೆ.

ಮರವೆಗೆ ಸಂದಿದ್ದ ಈ ಕಲೆಗೆ ಮೈಸೂರಿನಲ್ಲಿ ಮರುಜೀವವಿತ್ತವರಲ್ಲಿ 2024ರಲ್ಲಿ ನಿಧನರಾದ ಗಂಜೀಫಾ ರಘುಪತಿ ಭಟ್ಟರು ಅಗ್ರಗಣ್ಯರು. ಅವರ ರೇಖೆಯ ಸೂಕ್ಷ್ಮತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಗಂಜೀಫವೆಂಬ ಹೆಸರಿನಲ್ಲಿ ಇಂದು ಗೋಡೆಗೇರುವುದು ಬಹುಮಟ್ಟಿಗೆ ಚೌಕಟ್ಟಿನೊಳಗಿನ ದೇವತಾಚಿತ್ರ. ರಾಜನು ಉಳಿದನು, ಸಂಖ್ಯೆ ಮರೆಯಾಯಿತು. ಇಡೀ ಕಟ್ಟನ್ನು ಬರೆಯಲು ತಿಂಗಳುಗಳ ದುಡಿಮೆ ಬೇಕು, ಕೊಳ್ಳುವವರೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ನಷ್ಟವನ್ನು ನಷ್ಟವೆಂದೇ ಕರೆಯಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕರಾವಳಿಯ ಯಕ್ಷಗಾನಕ್ಕೂ ದಶಾವತಾರ ಆಟವೆಂಬ ಹೆಸರಿತ್ತು. ಮಂದಾರ್ತಿ, ಮಾರಣಕಟ್ಟೆಯ ಮೇಳಗಳು ಬೆಳೆಸಿದ ಬಡಗುತಿಟ್ಟಿನಲ್ಲಿ ಮುಂಡಾಸು, ಮುಖವರ್ಣಿಕೆಗಳನ್ನು ಕಂಡೊಡನೆ, ಮಾತಿಗೆ ಮುಂಚೆಯೇ, ವೇಷದ ಜಾತಿ ತಿಳಿಯುತ್ತದೆ. ಕೋಡಂಗಿ, ಬಾಲಗೋಪಾಲರನ್ನು ಕೈಬಿಟ್ಟು ಎರಡನೆಯ ವೇಷವನ್ನಷ್ಟೇ ಉಳಿಸಿಕೊಂಡರೆ ಅದು ಮೇಳವಾದೀತೆ? ಕಿರಿಯ ವೇಷಗಳಲ್ಲಿಯೇ ಹಿರಿಯ ವೇಷಧಾರಿ ಪಳಗುತ್ತಾನೆ. ಸಂಖ್ಯೆಯ ಎಲೆಗಳಲ್ಲಿ ಕೈ ಪಳಗದ ಚಿತ್ರಕಾರನ ಸ್ಥಿತಿಯೂ ಹೀಗೆಯೇ.

ಯೂರೋಪಿನ ಟ್ಯಾರೋ ಎಲೆಗಳ ಚರಿತ್ರೆ ಇಲ್ಲಿ ಬೋಧಪ್ರದ. 15ನೆಯ ಶತಮಾನದ ಇಟಲಿಯಲ್ಲಿ ಅದೂ ಆಟವೇ ಆಗಿತ್ತು, ಎಲೆಗಳು 78. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಅದಕ್ಕೆ ಪ್ರಾಚೀನ ಈಜಿಪ್ಟಿನ ಮೂಲವನ್ನು ಕಲ್ಪಿಸಿದನು. ಆ ಬಳಿಕ ಭವಿಷ್ಯ ಹೇಳುವ ಸಾಧನವಾಗಿ ಅದು ಹಬ್ಬಿತು. 1909ರ ಕಟ್ಟಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಸಂಖ್ಯೆಯ ಎಲೆಗಳಿಗೂ ಮನುಷ್ಯರ ದೃಶ್ಯಗಳನ್ನು ಬರೆದಳು. ಭವಿಷ್ಯದ ಮಾತನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಉಪಯೋಗ ಬದಲಾದರೂ ಪ್ರತಿಯೊಂದು ಎಲೆಗೂ ಕೆಲಸ ಉಳಿಯಿತೆಂಬುದನ್ನು ಗಮನಿಸಬೇಕು. ನಮ್ಮ ಗಂಜೀಫಕ್ಕೆ ಹಳೆಯ ಉಪಯೋಗ ತಪ್ಪಿತು, ಹೊಸದು ದೊರೆಯಲಿಲ್ಲ.

ಆದುದರಿಂದ ವಸ್ತುಸಂಗ್ರಹಾಲಯಗಳು ರಾಜನ ಎಲೆಯ ಪಕ್ಕದಲ್ಲಿ ಸಂಖ್ಯೆಯ ಎಲೆಗಳನ್ನೂ ಆಟದ ನಿಯಮವನ್ನೂ ಪ್ರದರ್ಶಿಸುವುದು ಯುಕ್ತ. ಸಾಮಾನ್ಯ ರಟ್ಟಿನ ಮೇಲೆ ಅಗ್ಗವಾಗಿ ಅಚ್ಚಾದ ಪೂರ್ಣ ಕಟ್ಟೊಂದು ವಿದ್ಯಾರ್ಥಿಗಳ ಕೈಗೆ ಬಂದರೆ, ಚೌಕಟ್ಟಿನ ಹತ್ತು ಚಿತ್ರಗಳಿಗಿಂತ ಹೆಚ್ಚಿನ ಉಪಕಾರವಾಗುವುದೆಂದು ನಮ್ಮ ಅಭಿಪ್ರಾಯ.