ಕೈಗಾರಿಕೆಯ ಬಾಗಿಲಲ್ಲಿ ನಿಂತ ಪ್ರಜಾಪ್ರಭುತ್ವ

ಮೈಸೂರು ಮಾದರಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅಭಿವೃದ್ಧಿ ಚಿಂತನೆಗೆ ನೂರು ವರ್ಷ ದಾಟಿದೆ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಬ್ಯಾಂಕು, ವಿಶ್ವವಿದ್ಯಾಲಯ, ಸಾಬೂನು ಕಾರ್ಖಾನೆಗಳನ್ನು ಕಟ್ಟಿದರು. ಭದ್ರಾವತಿಯ ಕಬ್ಬಿಣಕ್ಕೆ ದಾರಿ ಹಾಕಿದರು. ಖಾಸಗಿ ಬಂಡವಾಳ ಹಿಂಜರಿದ ಕಾಲದಲ್ಲಿ ಸರ್ಕಾರವೇ ಉದ್ಯಮಿಯಾಯಿತು. ಈ ಸಾಧನೆ ನಿಜವಾದದ್ದು. ಆದರೆ ಅದರ ಜೊತೆಗೇ ಒಂದು ನಂಬಿಕೆ ಬೇರೂರಿತು: ಸಂಪತ್ತು ಸೃಷ್ಟಿಸುವುದು ಬಲ್ಲವರ ಕೆಲಸ, ಜನರ ಮಾತು ಆಮೇಲಿನದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನರು ಒಪ್ಪಲಿಲ್ಲ. ದಕ್ಷತೆ ಕುಗ್ಗೀತೆಂಬುದು ಅವರ ಆತಂಕ. ದಕ್ಷತೆಯನ್ನೂ ಸಮಾನತೆಯನ್ನೂ ಎದುರುಬದುರು ನಿಲ್ಲಿಸುವ ಆ ವಾದ ಇಂದಿಗೂ ನಮ್ಮ ಕೈಗಾರಿಕಾ ನೀತಿಯನ್ನು ಬಿಟ್ಟಿಲ್ಲ.

1947ರ ಮೈಸೂರು ಚಲೋ ಚಳವಳಿ ಜವಾಬ್ದಾರಿ ಸರ್ಕಾರ ತಂದಿತು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಐದು ವರ್ಷದೊಳಗೆ ಪ್ರತಿ ವಯಸ್ಕರ ಕೈಗೂ ವೋಟು ಬಂತು. ಕಾರ್ಖಾನೆ ಎಲ್ಲಿ, ಯಾರ ಜಮೀನಿನಲ್ಲಿ, ಯಾರ ಲಾಭಕ್ಕೆ ಎಂಬ ತೀರ್ಮಾನ ಮಾತ್ರ ಹಳೆಯ ಕಚೇರಿಯಲ್ಲೇ ಉಳಿಯಿತು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಲ್ಲಿ ಜಮೀನಿನ ಒಡೆಯನ ಆಕ್ಷೇಪಣೆ ಕೇಳುವ ವಿಧಿಯಿದೆ, ಗ್ರಾಮಸಭೆಯ ಒಪ್ಪಿಗೆ ಬೇಕಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕೂಲಿಕಾರ ಆ ಲೆಕ್ಕಕ್ಕೇ ಬರುವುದಿಲ್ಲ.

ಈ ಪರಂಪರೆಗೆ ಎದುರಾಗಿ ನಿಲ್ಲುವುದು ದೇವರಾಜ ಅರಸರ 1974ರ ಭೂಸುಧಾರಣೆ. ತಾಲ್ಲೂಕಿಗೆ ಬಂದು ಕೂತ ಭೂನ್ಯಾಯಮಂಡಳಿಗಳಲ್ಲಿ ಅಧಿಕಾರಿಯ ಪಕ್ಕದಲ್ಲಿ ಸ್ಥಳೀಯ ಸದಸ್ಯರಿದ್ದರು, ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತನ್ನ ಮಾತನ್ನು ತಾನೇ ಹೇಳಿಕೊಳ್ಳಬಹುದಿತ್ತು. ಕೊರತೆಗಳಿದ್ದರೂ ಅಲ್ಲಿ ಆರ್ಥಿಕ ನೀತಿ ಬಡವನ ಎದುರಿಗೇ ಕೂತು ನಡೆಯಿತು. ಅದೇ ಅರಸರ ಕಾಲದಲ್ಲೇ, 1976ರಲ್ಲಿ, ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿ, ಅದರ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಬೆಂಗಳೂರಿನ ಅಂಚಿನ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿತ್ತು. ಹೊಲದ ನ್ಯಾಯಕ್ಕೆ ಸಿಕ್ಕ ಆ ಕ್ರಮ ಕಾರ್ಖಾನೆಯ ನೆಲಕ್ಕೆ ದಾಟಲಿಲ್ಲ.

ಸಾರ್ವಜನಿಕ ಉದ್ದಿಮೆಗಳು ಈ ಕೊರತೆಯನ್ನು ಕೆಲಕಾಲ ಮರೆಸಿದವು. ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಮಿಕನಿಗೆ ಮನೆ, ಶಾಲೆ, ಆಸ್ಪತ್ರೆ ಇದ್ದವು, ಯೂನಿಯನ್ ಇತ್ತು. 1980ರ ಡಿಸೆಂಬರ್‌ನಿಂದ 77 ದಿನ ಮುಷ್ಕರ ಹೂಡುವಷ್ಟು ಬಲವಿತ್ತು. ಪೀಣ್ಯದ ಎಷ್ಟೋ ಸಣ್ಣ ಘಟಕಗಳು ಇವಕ್ಕೆ ಬಿಡಿಭಾಗ ಮಾಡಿಕೊಡುತ್ತ ಬೆಳೆದವು. 1991ರ ಉದಾರೀಕರಣದ ನಂತರ ಆ ರಕ್ಷಣೆ ಕರಗಿತು. ವೈಟ್‌ಫೀಲ್ಡಿನ ಐಟಿಪಿಎಲ್, 1997ರ ರಾಜ್ಯ ಐಟಿ ನೀತಿ ಹೊಸ ಸಂಪತ್ತು ತಂದವು. ಆ ಐಟಿ ಕಟ್ಟಡಗಳನ್ನು ಗುಡಿಸುವವರು, ಕಾಯುವವರು ಗುತ್ತಿಗೆದಾರನ ಪಟ್ಟಿಗೆ ಸರಿದರು. 2002ರ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಆ ತಾಲ್ಲೂಕುಗಳಿಂದ ಕೆಲಸ ಹುಡುಕಿಕೊಂಡು ಬಂದವರು ಪೀಣ್ಯದ ಸುತ್ತ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿದ್ದಾರೆ. ಅವರಲ್ಲಿ ಅನೇಕರ ವೋಟು ಊರಲ್ಲೇ ಉಳಿದಿದೆ.

2013ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕೈಗಾರಿಕಾ ಪಟ್ಟಣ ಪ್ರಾಧಿಕಾರವಾಯಿತು. ಸಂವಿಧಾನದ 243ಕ್ಯೂ ವಿಧಿಯೇ ಇಂಥ ಕಡೆ ಚುನಾಯಿತ ಪುರಸಭೆ ಬೇಡವೆನ್ನಲು ಅವಕಾಶ ಕೊಡುತ್ತದೆ. ಒಳಗಿನ ರಸ್ತೆ, ದೀಪ ಸುಸ್ಥಿತಿಯಲ್ಲಿವೆ ಎಂದು ಸಮರ್ಥಕರು ಹೇಳುವುದು ಸರಿ. ನಮ್ಮ ಚುನಾಯಿತ ಸಂಸ್ಥೆಗಳ ಭ್ರಷ್ಟಾಚಾರವನ್ನು ಕಂಡವರಿಗೆ ಈ ವಾದ ಹಿಡಿಸುವುದೂ ಸಹಜ. ಆದರೆ ಆ ವ್ಯವಸ್ಥೆ ಗಡಿಯಲ್ಲೇ ನಿಲ್ಲುತ್ತದೆ. ಹೊರಗಿನ ಹಳ್ಳಿಯಲ್ಲಿ ಬಾಡಿಗೆಗಿರುವ ಹೌಸ್‌ಕೀಪಿಂಗ್ ಹೆಣ್ಣುಮಗಳಿಗೆ ಒಳಗಿನ ಆಡಳಿತವನ್ನು ಪ್ರಶ್ನಿಸುವ ಹಕ್ಕಿಲ್ಲ. ಬೆಂಗಳೂರು ನಗರದಲ್ಲೂ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಆಳಿದರು.

ಮಾತಾಡುವ ಜಾಗವಿಲ್ಲದ ಕಡೆ ಸಿಟ್ಟು ಬೀದಿಗೆ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯಲು ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಬಹುಪಾಲು ಹೆಂಗಸರೇ, ಹೆಚ್ಚಿನವರಿಗೆ ಯೂನಿಯನ್ ಇರಲಿಲ್ಲ. ಬಸ್ಸುಗಳು ಸುಟ್ಟುಹೋದವು, ಪೊಲೀಸರು ಲಾಠಿ ಬೀಸಿದರು. ಎರಡನೆಯ ದಿನವೇ ಸರ್ಕಾರ ನಿಯಮ ಹಿಂದೆಗೆದುಕೊಂಡಿತು. ಮೊದಲೇ ಕೇಳಿದ್ದರೆ ಆ ಬೆಂಕಿಯೇ ಬೇಕಿರಲಿಲ್ಲ.

ಮೈಸೂರು ಮಾದರಿಯ ಕಟ್ಟುವ ಛಲವನ್ನು ನಾವು ಉಳಿಸಿಕೊಳ್ಳಬೇಕು. ಜನರ ಬಗೆಗಿನ ಅದರ ಅಪನಂಬಿಕೆಯನ್ನು ಬಿಡಬೇಕು. ಕೈಗಾರಿಕಾ ಪಟ್ಟಣಗಳ ಆಡಳಿತದಲ್ಲಿ ಸುತ್ತಲ ಪಂಚಾಯಿತಿಗಳಿಗೂ ಕಾರ್ಮಿಕರಿಗೂ ಚುನಾಯಿತ ಸ್ಥಾನ ಸಿಗಲಿ. ಭೂಸ್ವಾಧೀನಕ್ಕೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ, ಭೂಮಿಯಿಲ್ಲದವರಿಗೂ ಪರಿಹಾರವಿರಲಿ. ವಲಸೆ ಬಂದವರು ದುಡಿಯುವ ಊರಿನಲ್ಲೇ ಮತ ಹಾಕುವಂತಾಗಲಿ. 1947ರಲ್ಲಿ ಅರಮನೆಯಿಂದ ಪಡೆದ ಅಧಿಕಾರವನ್ನು ಪೀಣ್ಯ, ವೈಟ್‌ಫೀಲ್ಡುಗಳಲ್ಲಿ ದುಡಿಯುವವರಿಗೆ ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ, ಅದು ವಿಧಾನಸೌಧದ ಹೊಣೆ.