ಕ್ರೀಡಾವಿಜ್ಞಾನದ ಪರಿಭಾಷೆ: ಬಲ, ಶಕ್ತಿ, ಸಾಮರ್ಥ್ಯಗಳ ಕಲಸುಮೇಲೋಗರ

ಕೆಲವು ವರ್ಷಗಳ ಹಿಂದೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಕಿರುಪ್ರಬಂಧವನ್ನು ಒಮ್ಮೆ ನೋಡಿಕೊಡಿ ಎಂದು ತಂದುಕೊಟ್ಟ. ಆಟಗಾರರನ್ನು ನಿಂತಲ್ಲಿಂದಲೇ ಮೇಲಕ್ಕೆ ಜಿಗಿಸಿ, ಎತ್ತರವನ್ನು ಸೆಂಟಿಮೀಟರುಗಳಲ್ಲಿ ಅಳೆದಿದ್ದ. ಕೋಷ್ಟಕದ ತಲೆಬರಹ ಮಾತ್ರ ‘ಕಾಲುಗಳ ಸ್ಫೋಟಕ ಶಕ್ತಿ’. ಮುಂದಿನ ಪುಟದಲ್ಲಿ ಅದು ‘ಬಲ’ವಾಯಿತು; ಉಪಸಂಹಾರದಲ್ಲಿ ‘ಸಾಮರ್ಥ್ಯ’ವಾಯಿತು. ಸೆಂಟಿಮೀಟರು ಉದ್ದದ ಏಕಮಾನವಲ್ಲವೇ ಎಂದು ಕೇಳಿದೆ. “ನಮ್ಮ ಪುಸ್ತಕಗಳಲ್ಲೆಲ್ಲ ಹೀಗೇ ಇದೆ ಸರ್” ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ತಪ್ಪು ವಿದ್ಯಾರ್ಥಿಯದಲ್ಲ, ಪರಿಭಾಷೆಯದು.

ಪ್ರೌಢಶಾಲೆಯಲ್ಲಿ ನಾವು ಕಲಿಸುವುದನ್ನೇ ನೆನಪಿಸಿಕೊಳ್ಳೋಣ. ಬಲದ ಏಕಮಾನ ನ್ಯೂಟನ್. ಬಲವು ವಸ್ತುವನ್ನು ತನ್ನ ದಿಕ್ಕಿನಲ್ಲಿ ಸರಿಸಿದರೆ ಕೆಲಸ ನಡೆಯುತ್ತದೆ. ಕೆಲಸಕ್ಕೂ ಶಕ್ತಿಗೂ ಏಕಮಾನ ಜೌಲ್. ಕೆಲಸ ನಡೆಯುವ ದರವೇ ಸಾಮರ್ಥ್ಯ, ಏಕಮಾನ ವ್ಯಾಟ್. ಮೂರೂ ಬೇರೆ ಬೇರೆ ಪರಿಮಾಣಗಳು. ಕ್ರೀಡಾವೈದ್ಯಕೀಯ ಮತ್ತು ಚಲನವಿಜ್ಞಾನದ ಬರಹಗಳಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ನಿರಾತಂಕವಾಗಿ ಬಂದು ಕೂರುತ್ತವೆ.

ನಿಂತು ಜಿಗಿಯುವ ಈ ಪರೀಕ್ಷೆಯನ್ನು ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದರು. ಎತ್ತರವನ್ನು ಸಾಮರ್ಥ್ಯಕ್ಕೆ ಪರಿವರ್ತಿಸಲು ಮುಂದೆ ‘ಲೂಯಿಸ್ ಸೂತ್ರ’ ಬಳಕೆಗೆ ಬಂದಿತು. 60 ಕಿಲೋಗ್ರಾಂ ರಾಶಿಯ ಆಟಗಾರ 40 ಸೆಂಟಿಮೀಟರು ಜಿಗಿದನೆಂದರೆ ಈ ಸೂತ್ರ ಕೊಡುವ ಉತ್ತರ ಸುಮಾರು 823 ವ್ಯಾಟ್. ಈ ಸಂಖ್ಯೆ ಎಲ್ಲಿಂದ ಬಂತು? ಅದೇ ಆಟಗಾರ 40 ಸೆಂಟಿಮೀಟರು ಎತ್ತರದಿಂದ ಕೆಳಗೆ ಬೀಳಲು 0.286 ಸೆಕೆಂಡು ಬೇಕು. ಬೀಳುವಾಗ ಗುರುತ್ವ ಮಾಡುವ ಕೆಲಸ 235 ಜೌಲ್. ಇದನ್ನು ಅದರಿಂದ ಭಾಗಿಸಿ ನೋಡಿ, ಅದೇ 823 ವ್ಯಾಟ್! ಅಂದರೆ ಸೂತ್ರ ಅಳೆಯುವುದು ಆಟಗಾರನ ಕಾಲಿನ ಸಾಮರ್ಥ್ಯವನ್ನಲ್ಲ, ಅವನನ್ನು ಕೆಳಕ್ಕೆ ಎಳೆಯುವ ಭೂಮಿಯದನ್ನು.

ಕಾಲಿನ ಸಾಮರ್ಥ್ಯ ತಿಳಿಯಬೇಕಾದರೆ ಪಾದ ನೆಲವನ್ನು ಒತ್ತುತ್ತಿದ್ದ ಅವಧಿ ತಿಳಿಯಬೇಕು. ಒಂದೇ ರಾಶಿಯ ಇಬ್ಬರು ಒಂದೇ ಎತ್ತರ, 40 ಸೆಂಟಿಮೀಟರು, ಜಿಗಿದರೆನ್ನೋಣ. ಇಬ್ಬರೂ ನೆಲ ಬಿಡುವಾಗಿನ ವೇಗ ಸೆಕೆಂಡಿಗೆ 2.8 ಮೀಟರು. ಮೊದಲನೆಯವನು ಕಡಿಮೆ ಕುಕ್ಕರಿಸಿ 0.25 ಸೆಕೆಂಡಿನಲ್ಲಿ ಚಿಮ್ಮಿದ. ಎರಡನೆಯವನು ಹೆಚ್ಚು ಕುಕ್ಕರಿಸಿ 0.35 ಸೆಕೆಂಡು ತೆಗೆದುಕೊಂಡ. ವೇಗೋತ್ಕರ್ಷ ಏಕರೂಪವೆಂದು ಭಾವಿಸಿದರೆ, ಮೊದಲನೆಯವನ ಸರಾಸರಿ ಸಾಮರ್ಥ್ಯ ಸುಮಾರು 1764 ವ್ಯಾಟ್, ಎರಡನೆಯವನದು ಸುಮಾರು 1495 ವ್ಯಾಟ್. ಸೂತ್ರಕ್ಕೆ ಇಬ್ಬರೂ ಒಂದೇ. ಇಬ್ಬರಲ್ಲೂ ನಿಜವಾಗಿ ಒಂದೇ ಆಗಿರುವುದು ನಿವ್ವಳ ಆವೇಗ: 168 ನ್ಯೂಟನ್-ಸೆಕೆಂಡು. ಜಿಗಿತದ ಎತ್ತರವನ್ನು ನಿರ್ಧರಿಸುವುದು ರಾಶಿಗೆ ಹೋಲಿಸಿದ ಈ ಆವೇಗವೇ ಹೊರತು ಸಾಮರ್ಥ್ಯವಲ್ಲ.

‘ಹೆಸರಿನಲ್ಲೇನಿದೆ, ಆಟಗಾರ ಜಿಗಿದರೆ ಸಾಕು’ ಎನ್ನುವವರಿದ್ದಾರೆ. ಆದರೆ ಹೆಸರನ್ನು ನಂಬಿಯೇ ತರಬೇತುದಾರ ಅಭ್ಯಾಸವನ್ನು ಗೊತ್ತುಮಾಡುತ್ತಾನೆ. ಸ್ನಾಯುವಿನಲ್ಲಿ ಉಂಟಾಗುವ ಉಷ್ಣವನ್ನು ಕುರಿತ ಸಂಶೋಧನೆಗೆ 1922ರ ನೊಬೆಲ್ ಬಹುಮಾನ ಪಡೆದ ಎ.ವಿ. ಹಿಲ್, 1938ರಲ್ಲಿ ಸ್ನಾಯುವಿನ ಬಲ ಮತ್ತು ಸಂಕೋಚನದ ವೇಗಗಳ ಸಂಬಂಧವನ್ನು ಸಮೀಕರಣದಲ್ಲಿ ತೋರಿಸಿದರು. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದರ ಬಲ ಇಳಿಯುತ್ತದೆ. ಗರಿಷ್ಠ ಬಲದಲ್ಲಿ ವೇಗ ಸೊನ್ನೆ, ಹಾಗಾಗಿ ಸಾಮರ್ಥ್ಯವೂ ಸೊನ್ನೆ. ಗರಿಷ್ಠ ಸಾಮರ್ಥ್ಯ ಸಿಗುವುದು ಗರಿಷ್ಠ ವೇಗದ ಸುಮಾರು ಮೂರನೇ ಒಂದು ಭಾಗದಲ್ಲಿ. ಬಲ ಮತ್ತು ಸಾಮರ್ಥ್ಯಗಳನ್ನು ಒಂದೇ ಎಂದುಕೊಂಡ ತರಬೇತುದಾರನಿಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ‘ಪವರ್‌ಲಿಫ್ಟಿಂಗ್’ ಎಂಬ ಹೆಸರನ್ನೇ ನೋಡಿ. ಅಲ್ಲಿ ಭಾರ ಅಪಾರ, ಚಲನೆ ನಿಧಾನ. ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಭಾರ ಸಿಡಿದಂತೆ ಮೇಲೇರುತ್ತದೆ. ಹೆಚ್ಚಿನ ಸಾಮರ್ಥ್ಯ ಕಾಣುವುದು ಪವರ್ ಎಂಬ ಹೆಸರಿಲ್ಲದ ಕ್ರೀಡೆಯಲ್ಲಿ!

‘ಕೆಲಸ’ದ ಪಾಡೂ ಇದೇ. 10 ಕಿಲೋಗ್ರಾಂ ರಾಶಿಯ ಬಿಂದಿಗೆಯನ್ನು ಕೈಯಲ್ಲಿ ಹಿಡಿದು ಅಲುಗಾಡದೆ ನಿಂತವನು 98 ನ್ಯೂಟನ್ ಬಲ ಪ್ರಯೋಗಿಸುತ್ತಾನೆ. ಬಿಂದಿಗೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ. ಆದರೂ ಬೆವರುತ್ತಾನೆ. ಸ್ನಾಯುವಿನೊಳಗೆ ಮಯೋಸಿನ್ ಅಣುಗಳು ಹಿಡಿದು ಬಿಟ್ಟು ಮಾಡುತ್ತಲೇ ಇರುತ್ತವೆ, ಎಟಿಪಿ ವ್ಯಯವಾಗುತ್ತದೆ, ಶಕ್ತಿ ಉಷ್ಣವಾಗಿ ಹೊರಬೀಳುತ್ತದೆ. ಇಲ್ಲಿ ‘ಶಕ್ತಿವ್ಯಯ’ ಎಂದರೆ ಸರಿ. ‘ಕೆಲಸದ ಪ್ರಮಾಣ’ ಎಂದರೆ ತಪ್ಪು.

ಈ ಆಕ್ಷೇಪ ಭೌತವಿಜ್ಞಾನಿಯ ಮಡಿವಂತಿಕೆಯೇನಲ್ಲ. ಆ ಕ್ಷೇತ್ರದವರೇ ಆದ ನಟ್‌ಗೆನ್ ಮತ್ತು ಕ್ರೇಮರ್ 1987ರಲ್ಲಿಯೇ ಪರಿಭಾಷೆಯ ಬಗ್ಗೆ ಬರೆದರು. 2009ರಲ್ಲಿ ನಡ್ಸನ್ ‘ಪವರ್’ ಪದದ ಬಳಕೆಯನ್ನು ತಿದ್ದಲು ಹೊರಟರು. 2016ರಲ್ಲಿ ವಿಂಟರ್ ಮತ್ತು ಸಂಗಡಿಗರು ಯಾಂತ್ರಿಕ ಪದಗಳ ದುರ್ಬಳಕೆಯ ಮೇಲೆಯೇ ಪ್ರಬಂಧ ಪ್ರಕಟಿಸಿದರು. ಒಂದೇ ಮಾತನ್ನು ಮೂರು ದಶಕ ಹೇಳಬೇಕಾಯಿತೆಂಬುದೇ ರೋಗದ ಆಳವನ್ನು ತೋರಿಸುತ್ತದೆ.

ನ್ಯಾಯವಾಗಿ ನೋಡಿದರೆ ನಮ್ಮ ಪಾಲಿನ ತಪ್ಪೂ ಇದೆ. ‘ಕೆಲಸ’ ಮೂಲತಃ ಭೌತವಿಜ್ಞಾನದ ಆಸ್ತಿಯಲ್ಲ. ಕೊರಿಯೋಲಿಸ್ 1829ರಲ್ಲಿ ಫ್ರೆಂಚಿನ ಆಡುಮಾತಿನ ಪದವನ್ನೇ ಎತ್ತಿಕೊಂಡು ಅದಕ್ಕೆ ಖಚಿತ ಅರ್ಥ ಕೊಟ್ಟರು. ಜನರ ಮಾತನ್ನು ಎರವಲು ತಂದ ನಾವು, ಜನ ಅದನ್ನು ಹಳೆಯ ಅರ್ಥದಲ್ಲೇ ಆಡಿದರೆ ಗದರುವುದು ತರವಲ್ಲ. ವೈಜ್ಞಾನಿಕ ಬರಹದಲ್ಲಿ ಮಾತ್ರ ಎರಡು ಅರ್ಥ ಬೆರೆಯಬಾರದು.

ಕನ್ನಡದಲ್ಲಿ ಇದು ಇನ್ನೂ ತೊಡಕಿನ ವಿಚಾರ. ಇಂಗ್ಲಿಷಿನ ಸ್ಟ್ರೆಂತ್, ಪವರ್, ಎನರ್ಜಿ ಮೂರಕ್ಕೂ ನಾವು ‘ಶಕ್ತಿ’ ಎಂದುಬಿಡುತ್ತೇವೆ. ಆದರೆ ಪರಿಹಾರವೂ ಕನ್ನಡದಲ್ಲೇ ಇದೆ. ಕಸುವು, ದಮ್ಮು, ತಾಳಿಕೆ, ಚುರುಕು ಎಂಬ ಮಾತುಗಳು ನಮ್ಮಲ್ಲಿ ಎಂದಿನಿಂದಲೋ ಇವೆ. ಇವು ಗುಣಗಳ ಹೆಸರುಗಳು; ಯಾವ ಏಕಮಾನಕ್ಕೂ ಕಟ್ಟುಬಿದ್ದಿಲ್ಲ. ಆಟಗಾರನ ಗುಣ ಹೇಳುವಾಗ ಇವನ್ನು ಬಳಸೋಣ. ಬಲ, ಶಕ್ತಿ, ಸಾಮರ್ಥ್ಯಗಳನ್ನು ನ್ಯೂಟನ್, ಜೌಲ್, ವ್ಯಾಟ್‌ಗಳಿಗೇ ಮೀಸಲಿಡೋಣ. ಅಳೆದದ್ದು ಎತ್ತರವಾದರೆ ‘ಜಿಗಿತದ ಎತ್ತರ’ ಎಂದೇ ಬರೆಯೋಣ, ಅದರಲ್ಲಿ ಅವಮಾನವೇನಿಲ್ಲ.

ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ಭೌತವಿಜ್ಞಾನದ ತರಗತಿಯನ್ನು ಒಂದು ದಿನ ಆಟದ ಮೈದಾನಕ್ಕೆ ಒಯ್ಯಿರಿ, ದೈಹಿಕ ಶಿಕ್ಷಕರನ್ನೂ ಜೊತೆಗೆ ಕರೆಯಿರಿ. ಮಕ್ಕಳನ್ನು ಜಿಗಿಸಿ ಎತ್ತರ ಅಳೆಯಿರಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ನಾವು ಅಳೆದದ್ದು ಏನು, ಅದರ ಏಕಮಾನ ಯಾವುದು? ಅಂದು ಆ ವಿದ್ಯಾರ್ಥಿ ಕೋಷ್ಟಕದ ತಲೆಬರಹವನ್ನು ಹೊಡೆದುಹಾಕಿ ‘ಜಿಗಿತದ ಎತ್ತರ, ಸೆಂ.ಮೀ.’ ಎಂದು ಬರೆದುಕೊಂಡ. ಅವನ ಅಂಕಿಗಳಲ್ಲಿ ಒಂದೂ ಬದಲಾಗಲಿಲ್ಲ. ಉಪಸಂಹಾರವನ್ನು ಮಾತ್ರ ಪೂರ್ತಿ ತಿರುಗಿ ಬರೆಯಬೇಕಾಯಿತು.