ತಾನಾಗಿ ಕೂಡುವ ಹರಳುಗಳು

ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಅಂತಹ ಕೆಲವೇ ನ್ಯಾನೋಮೀಟರುಗಳಷ್ಟು ಅಗಲವುಳ್ಳ ಹರಳುಗಳು, ಯಾವ ಶಿಲ್ಪಿಯ ಉಳಿಯ ಸ್ಪರ್ಶವೂ ಇಲ್ಲದೆ, ಪರಸ್ಪರ ಆಕರ್ಷಣ ವಿಕರ್ಷಣಗಳಿಂದಲೇ ಸಾಲುಗೂಡಿ ರಂಧ್ರಮಯವಾದ ಘನವಸ್ತುವಾಗಿ ನಿಲ್ಲುವ ಪರಿಯಷ್ಟು ನನ್ನ ಮನಸ್ಸನ್ನು ಸೆಳೆದ ಕೌಶಲ ಬೇರೊಂದಿಲ್ಲ.

ಅದರ ಕ್ರಮ ಸರಳ, ಗಹನ. ದ್ರವಪ್ರೇಮಿಯೂ ದ್ರವದ್ವೇಷಿಯೂ ಆದ ಎರಡು ತುಂಡುಗಳು ಬೆಸೆದ ಪಾಲಿಮರು ದ್ರಾವಣದಲ್ಲಿ ತಾನಾಗಿಯೇ ಸಣ್ಣ ಗೋಳಗಳಾಗುತ್ತದೆ; ಮೇಲ್ಮೈಯ ಸಾವಯವ ಹೊದಿಕೆಯನ್ನು ಕಳಚಿದ ಹರಳುಗಳು ಆ ಗೋಳಗಳ ಸುತ್ತಲೂ ನೆರೆಯುತ್ತವೆ; ದ್ರವ ಆವಿಯಾಗಿ, ಬಳಿಕ ಕಾವಿಗೆ ಪಾಲಿಮರು ಉರಿದುಹೋದಾಗ, ಗೋಳಗಳಿದ್ದೆಡೆ ರಂಧ್ರಗಳೂ ಹರಳುಗಳಿದ್ದೆಡೆ ಭಿತ್ತಿಗಳೂ ಉಳಿಯುತ್ತವೆ. ಅಮೆರಿಕದ ಬರ್ಕ್‌ಲಿಯ ವಿಜ್ಞಾನಿಗಳು 2012ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಅಚ್ಚು ಅಳಿದ ಮೇಲೂ ಆಕೃತಿ ನಿಲ್ಲುವುದೇ ಇದರ ಸೊಬಗು. ಆ ಬರಿದಾದ ಎಡೆಯಿಂದಲೇ ಅಯಾನುಗಳೂ ಅನಿಲಗಳೂ ಒಳಸೇರಿ, ವೇಗವರ್ಧಕ, ವಿದ್ಯುತ್ಕೋಶಗಳಿಗೆ ವಿಪುಲವಾದ ಮೇಲ್ಮೈ ದೊರೆಯುತ್ತದೆ.

ಮೈಸೂರಿನ ಲಕ್ಷ್ಮೀಪುರಂನಿಂದ ನಡೆದೇ ಹೋಗಬಹುದಾದ, ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನವನ್ನು ಕಂಡಾಗಲೆಲ್ಲ, ಅದೇ ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಪದವಿ ಪಡೆದ ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನು ನೆನೆಯುತ್ತೇನೆ. ಅವರೂ ಜಿ.ಯು. ಕುಲಕರ್ಣಿ ಮೊದಲಾದ ಸಹೋದ್ಯೋಗಿಗಳೂ ಬೆಂಗಳೂರಿನ ಜಕ್ಕೂರಿನಲ್ಲಿ ತೋರಿದ ಪ್ರಯೋಗ ನನಗೆ ಅತ್ಯಂತ ಪ್ರಿಯ. ಅದು ರಂಧ್ರಮಯ ವಸ್ತುವಲ್ಲದಿದ್ದರೂ ಸ್ವಯಂಜೋಡಣೆಯ ನಿಕಟ ಬಂಧು: ಕೆಳಗೆ, ಸಂಯುಕ್ತದಿಂದ ಲೋಹವನ್ನು ಬಿಡಿಸುವ ಅಪಕರ್ಷಕ ಬೆರೆತ ನೀರು; ಮೇಲೆ, ಚಿನ್ನದ ಸಂಯುಕ್ತ ಕರಗಿದ ಟಾಲುಯೀನ್ ಎಂಬ ಸಾವಯವ ದ್ರವ; ಕಲಕದೆ ಬಿಟ್ಟರೆ, ಎರಡೂ ದ್ರವಗಳು ಸಂಧಿಸುವ ಎಲ್ಲೆಯಲ್ಲೇ ಸುವರ್ಣದ ಹರಳುಗಳು ಹುಟ್ಟಿ, ಒಂದಕ್ಕೊಂದು ಅಂಟಿ, ತೆಳುಪದರವಾಗಿ ಹರಡುತ್ತವೆ; ಆ ಪದರವನ್ನು ಗಾಜಿನ ಮೇಲೆ ಎತ್ತಿಕೊಳ್ಳಲೂ ಸಾಧ್ಯ.